ತೆಂಗಿನ ಪಾತಿಯ ಹುಳುಹಾವಿಗೆ ಎಷ್ಟು ಹೆಸರು?

ಮಳೆ ಬಿದ್ದ ಮಾರನೇ ದಿನ ಬಚ್ಚಲಲ್ಲಿ, ತಿಪ್ಪೆಯಲ್ಲಿ, ಮಟ್ಟೆ ರಾಶಿಯ ಅಡಿಯಲ್ಲಿ ಕಾಣುವ ಗೇಣುದ್ದದ ಕರಿ ಜೀವ. ವಿಷವಿಲ್ಲ. ಗಂಡೇ ಇಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಹರಡಿರುವ ನೆಲದ ಹಾವು ಇದು. ಇದಕ್ಕೊಂದು ಸರಿಯಾದ ಹೆಸರು, ಸರಿಯಾದ ಕುಲ ಗೊತ್ತುಮಾಡಲು ವಿಜ್ಞಾನಿಗಳು ಇನ್ನೂರು ವರ್ಷಗಳಿಂದ ಹೆಣಗುತ್ತಿದ್ದಾರೆ. ಕೆಲಸ ಇನ್ನೂ ಮುಗಿದಿಲ್ಲ.

ಭರಣಿ ಮಳೆ ರಾತ್ರಿಯೆಲ್ಲ ಸುರಿದು ಬೆಳಗಿನ ಹೊತ್ತಿಗೆ ಬಿಟ್ಟಿದೆ. ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯ ತೋಟವೊಂದರಲ್ಲಿ ತೆಂಗಿನ ಪಾತಿ ಬಿಡಿಸುವ ಕೆಲಸ ನಡೆದಿದೆ. ಕೊಳೆತ ಮಟ್ಟೆಯೊಂದನ್ನು ಗುದ್ದಲಿಯ ತುದಿಯಿಂದ ಮಗುಚಿದರೆ ಅಡಿಯಲ್ಲಿ ಕಪ್ಪಗೆ ಏನೋ ಮಿರಮಿರ ಮಿಂಚುತ್ತದೆ. ಸುತ್ತಿಕೊಳ್ಳುತ್ತದೆ, ಬಿಚ್ಚಿಕೊಳ್ಳುತ್ತದೆ, ಮಣ್ಣಿನ ಸಂದಿಗೆ ಮೂತಿ ತೂರಿಸುತ್ತದೆ.

‘ಹೊಡೀಬೇಡ ಕಣಣ್ಣ, ಎರೆಹುಳ ಅದು’ ಎನ್ನುತ್ತಾಳೆ ಸೋಗೆ ಎಳೆಯುತ್ತಿದ್ದ ಹೆಂಗಸು.

‘ಎರೆಹುಳ ಎಲ್ಲಾರ ನಾಲಿಗೆ ಚಾಚ್ತೈತೇನವ್ವ? ಸರಿಯಾಗಿ ನೋಡು.’

ಇಬ್ಬರೂ ಬಗ್ಗಿ ನೋಡುತ್ತಾರೆ. ಬಾಲ್‌ಪೆನ್ನಿನ ರೀಫಿಲ್‌ನಷ್ಟು ದಪ್ಪ, ಅಷ್ಟೇ ಉದ್ದ. ತಲೆ ಯಾವುದು, ಬಾಲ ಯಾವುದು ಎಂದು ಹೇಳುವುದೇ ಕಷ್ಟ. ಒಂದು ತುದಿಯಿಂದ ಕೂದಲೆಳೆಯಂಥ ನಾಲಿಗೆ ಬಂದು ಒಳಗೆ ಹೋಗುತ್ತದೆ. ಅಷ್ಟರಲ್ಲಿ ಅದು ಮಣ್ಣೊಳಗೆ ಇಳಿದೂ ಆಗಿರುತ್ತದೆ.

ಇದೇ ಹುಳುಹಾವು. ಕುರುಡು ಹಾವು ಎಂದೂ ಕರೆಯುತ್ತಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಮುಂಗಾರಿನ ಮೊದಲ ಮಳೆಗಳು ಬಿದ್ದು ನೆಲದೊಳಗೆ ನೀರು ನಿಂತಾಗ ಇದು ಮೇಲೆ ಬರುತ್ತದೆ. ಬಚ್ಚಲ ಮೋರಿಯಲ್ಲಿ ಕಂಡರೆ ಮನೆಯಲ್ಲಿ ಗುಲ್ಲೋ ಗುಲ್ಲು. ನಾಗರಹಾವಿನ ಮರಿ ಎಂದು ಕೆಲವರು, ಕಿವಿಯೊಳಗೆ ನುಗ್ಗುತ್ತದೆ ಎಂದು ಕೆಲವರು. ಉಪ್ಪು, ಫಿನಾಯಿಲ್, ಬಿಸಿನೀರು, ಕಡೆಗೆ ಪೊರಕೆ. ಯಾರಿಗೂ ಏನೂ ಮಾಡದ ಜೀವವೊಂದು ಹೀಗೆ ಸಾಯುತ್ತದೆ.

ಇದು ನನ್ನನ್ನು ಕಾಡುವ ಸಂಗತಿ. ನಮ್ಮ ಕಾಲಡಿಯ ಈ ಹಾವನ್ನು ಫ್ಲಾರಿಡಾದಲ್ಲಿ, ನ್ಯೂಯಾರ್ಕಿನ ಪ್ರಯೋಗಾಲಯದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೂತು ಅಭ್ಯಾಸ ಮಾಡುತ್ತಾರೆ. ನಾವು ಅದರ ಮುಖವನ್ನೇ ಸರಿಯಾಗಿ ನೋಡಿಲ್ಲ.

ವಿಶಾಖಪಟ್ಟಣದ ವೈದ್ಯ, ಪ್ಯಾರಿಸ್ಸಿನ ಪಂಡಿತ

ಇದರ ವೈಜ್ಞಾನಿಕ ಹೆಸರಿನ ಕಥೆ ಶುರುವಾಗುವುದು ನೆರೆಯ ತೆಲುಗು ನಾಡಿನಲ್ಲಿ. ಪ್ಯಾಟ್ರಿಕ್ ರಸೆಲ್ ಎಂಬ ಸ್ಕಾಟ್ಲೆಂಡಿನ ವೈದ್ಯ 1780ರ ದಶಕದಲ್ಲಿ ವಿಶಾಖಪಟ್ಟಣದಲ್ಲಿದ್ದ. ಈಸ್ಟ್ ಇಂಡಿಯಾ ಕಂಪನಿ ಅವನನ್ನು ತನ್ನ ನಿಸರ್ಗ ವಿಜ್ಞಾನಿಯಾಗಿ ನೇಮಿಸಿಕೊಂಡಿತು. ಕೊಳಕುಮಂಡಲಕ್ಕೆ ಇಂಗ್ಲಿಷಿನಲ್ಲಿ ಅಂಟಿರುವ ಹೆಸರು ಇದೇ ರಸೆಲ್‌ನದು. ಯಾವ ಹಾವಿಗೆ ವಿಷವಿದೆ, ಯಾವುದಕ್ಕಿಲ್ಲ ಎಂದು ಜನರಿಗೆ ತಿಳಿದರೆ ಸಾವು ಕಡಿಮೆಯಾಗುತ್ತದೆಂಬುದು ಅವನ ನಂಬಿಕೆ. ಊರವರು ಹಿಡಿದು ತಂದ ಹಾವುಗಳನ್ನು ಅಳೆದ, ಚಿತ್ರ ಬರೆಸಿದ, ಸ್ಥಳೀಯರು ಹೇಳಿದ ಹೆಸರನ್ನೇ ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಂಡ. 1796ರಲ್ಲಿ ಕೋರಮಂಡಲ ಕರಾವಳಿಯ ಹಾವುಗಳ ಬಗ್ಗೆ ಅವನ ದೊಡ್ಡ ಗ್ರಂಥ ಲಂಡನ್ನಿನಲ್ಲಿ ಹೊರಬಂತು.

ಅದರ 43ನೇ ಚಿತ್ರಫಲಕದಲ್ಲಿದೆ ನಮ್ಮ ಹುಳುಹಾವು. ಹೆಸರು ‘ರೊಂಡೂ ತಲೂಲು ಪಾಮ್’. ತೆಲುಗರ ‘ರೆಂಡು ತಲಲ ಪಾಮು’ ರಸೆಲ್‌ನ ಕಿವಿಗೆ ಕೇಳಿದ್ದು ಹಾಗೆ. ಎರಡು ತಲೆಯ ಹಾವು!

ರಸೆಲ್ ಲ್ಯಾಟಿನ್ ಹೆಸರು ಕೊಡಲಿಲ್ಲ. ಆ ಕೆಲಸ ಮಾಡಿದವನು ಪ್ಯಾರಿಸ್ಸಿನ ಫ್ರಾಂಸ್ವಾ ಮರೀ ಡೌಡಿನ್. ಬಾಲ್ಯದಲ್ಲೇ ಕಾಯಿಲೆಯಿಂದ ಕಾಲುಗಳ ಸ್ವಾಧೀನ ಕಳೆದುಕೊಂಡಿದ್ದ ಈತ ಕೂತಲ್ಲೇ ಜಗತ್ತಿನ ಸರೀಸೃಪಗಳ ಬಗ್ಗೆ ಎಂಟು ಸಂಪುಟ ಬರೆದ. ಚಿತ್ರಗಳನ್ನು ಬಿಡಿಸಿಕೊಡುತ್ತಿದ್ದವಳು ಹೆಂಡತಿ ಅಡೆಲ್. 1803ರ ಕೊನೆಯಲ್ಲಿ ಆಕೆ ಕ್ಷಯದಿಂದ ತೀರಿಕೊಂಡಳು. ಹಿಂದೆಯೇ ಅವನೂ ಹೋದ, ಮೂವತ್ತು ತುಂಬುವ ಮೊದಲೇ. ಅದೇ 1803ರಲ್ಲಿ, ಭಾರತವನ್ನೇ ಕಾಣದ ಡೌಡಿನ್ ರಸೆಲ್‌ನ ಗ್ರಂಥವನ್ನು ಆಧಾರವಾಗಿಟ್ಟುಕೊಂಡು ಈ ಹಾವಿಗೆ ‘ಎರಿಕ್ಸ್ ಬ್ರಾಮಿನಸ್’ ಎಂದು ಹೆಸರಿಟ್ಟ.

ಎರಿಕ್ಸ್ ಎಂದರೆ ಮಣ್ಣುಮುಕ್ಕ ಹಾವಿನ ಕುಲ. ನಮ್ಮ ಕಡೆ ‘ಎರಡು ತಲೆ ಹಾವು’ ಎಂದರೆ ಕಣ್ಣೆದುರು ಬರುವುದು ಆ ಮಣ್ಣುಮುಕ್ಕವೇ. ಕೋಟಿಗಟ್ಟಲೆ ಬೆಲೆ ಬಾಳುತ್ತದೆ ಎಂಬ ಸುಳ್ಳು ನಂಬಿಸಿ ಕಳ್ಳಸಾಗಣೆಗಾರರು ಮಾರುವ, ಪೊಲೀಸರು ಆಗಾಗ ವಶಪಡಿಸಿಕೊಳ್ಳುವ ಹಾವು ಅದು. ಬಾಲವೂ ತಲೆಯಂತೆ ಮೊಂಡು. ಹುಳುಹಾವಿನದೂ ಅದೇ ಆಕಾರ. ವಿಶಾಖಪಟ್ಟಣದ ಹಾವು ಹಿಡಿಯುವವರು ಕಂಡದ್ದನ್ನೇ ಪ್ಯಾರಿಸ್ಸಿನ ಪಂಡಿತನೂ ಕಂಡ. ಆದರೆ ಎರಡೂ ಬೇರೆ ಬೇರೆ. ಮಣ್ಣುಮುಕ್ಕ ಇಲಿ ಹಿಡಿದು ಸುತ್ತಿ ಹಿಸುಕುವ ದಪ್ಪ ಮೈಯ ಹಾವು. ಹುಳುಹಾವಿನ ಬಾಯಿಗೆ ಇರುವೆಯ ಮೊಟ್ಟೆಯೇ ಸರಿ. ಹಾವುಗಳ ವಂಶವೃಕ್ಷದಲ್ಲಿ ಇವುಗಳ ಕೊಂಬೆಗಳು ಬಹಳ ಹಿಂದೆಯೇ ಕವಲೊಡೆದಿವೆ.

ಕುಲದ ಹೆಸರು ಬಹುಬೇಗ ಬದಲಾಯಿತು. 1829ರ ಹೊತ್ತಿಗೆ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಕುವ್ಯೆ ಇದನ್ನು ಹುಳುಹಾವುಗಳ ‘ಟಿಫ್ಲಾಪ್ಸ್’ ಕುಲಕ್ಕೆ ಸೇರಿಸಿದ್ದ. ‘ಬ್ರಾಮಿನಸ್’ ಮಾತ್ರ ಉಳಿಯಿತು. ಪ್ರಾಣಿಗಳ ನಾಮಕರಣದ ನಿಯಮವೇ ಹಾಗೆ: ಮೊದಲು ಇಟ್ಟ ಪ್ರಭೇದದ ಹೆಸರಿಗೆ ಆದ್ಯತೆ, ಕುಲ ಎಷ್ಟು ಬಾರಿಯಾದರೂ ಬದಲಾಗಬಹುದು. ಕುಲ ಬದಲಾಗಿದೆ ಎಂದು ತಿಳಿಸಲು ಮೊದಲು ಹೆಸರಿಟ್ಟವನನ್ನು ಆವರಣದೊಳಗೆ ಬರೆಯುತ್ತಾರೆ. ಈ ಹಾವಿನ ಹೆಸರಿನ ಮುಂದೆ ಇವತ್ತಿಗೂ (ಡೌಡಿನ್, 1803) ಎಂದೇ ಇರುತ್ತದೆ.

> ಹಾವೋ, ಹುಳವೋ?
> ಎರೆಹುಳದ ಮೈಮೇಲೆ ಉಂಗುರಗಳಿವೆ, ಮೈ ಲೋಳೆ. ಹುಳುಹಾವಿನ ಮೈತುಂಬ ಹೊಳೆಯುವ ಪುಟ್ಟ ಹುರುಪೆಗಳು, ಮೈ ಒಣ. ಎರೆಹುಳ ಹಿಗ್ಗಿ ಕುಗ್ಗಿ ಸಾಗುತ್ತದೆ, ಇದು ಹಾವಿನಂತೆ ಹರಿಯುತ್ತದೆ. ಬಾಲದ ತುದಿಯಲ್ಲಿ ಒಂದು ಸಣ್ಣ ಮುಳ್ಳು. ಹಿಡಿದರೆ ಅದನ್ನು ಒತ್ತುತ್ತದೆ, ವಾಸನೆ ಬಿಡುತ್ತದೆ. ಮುಳ್ಳಿನಲ್ಲಿ ವಿಷವಿಲ್ಲ.
> ಎಚ್ಚರವಿರಲಿ: ನಾಗರ ಮತ್ತು ಕಟ್ಟುಹಾವಿನ ಮರಿಗಳೂ ಸಣ್ಣವೇ, ಹುಟ್ಟಿದ ದಿನದಿಂದಲೇ ವಿಷವುಳ್ಳವು. ಅವಕ್ಕೆ ಎದ್ದು ಕಾಣುವ ಕಣ್ಣುಗಳಿರುತ್ತವೆ, ಬಾಲ ಚೂಪಾಗಿರುತ್ತದೆ. ಗುರುತು ಸಿಗದ ಯಾವ ಮರಿಯನ್ನೂ ಕೈಯಲ್ಲಿ ಮುಟ್ಟಬಾರದು.

ಹೋದಲ್ಲೆಲ್ಲ ಹೊಸ ಹೆಸರು

ಮಣ್ಣು ಹೋದಲ್ಲಿಗೆ ಹುಳುಹಾವೂ ಹೋಗುತ್ತದೆ. ಹಡಗುಗಳಲ್ಲಿ ಗಿಡ ಸಾಗಿಸುವ ಕಾಲ ಬಂದ ಮೇಲೆ ಅದು ಬೇರಿನ ಮಣ್ಣಿನ ಹೆಂಟೆಯೊಳಗೆ ಕೂತು ಸಮುದ್ರ ದಾಟಿತು. ಇಂಗ್ಲಿಷಿನಲ್ಲಿ ಇದಕ್ಕೆ ‘ಫ್ಲವರ್‌ಪಾಟ್ ಸ್ನೇಕ್’ ಎಂಬ ಹೆಸರು ಬಿದ್ದದ್ದೇ ಹಾಗೆ.

ಇಳಿದ ಕಡೆಯಲ್ಲೆಲ್ಲ ಒಬ್ಬ ಪಂಡಿತ ಕಾದಿದ್ದ, ಅವನಿಗೆ ಅದು ಹೊಸ ಹಾವು. 1820ರಲ್ಲಿ ಮೆರೆಂ ಎಂಬಾತ ರಸೆಲ್‌ನ ಹೆಸರಿನಲ್ಲೇ ಇನ್ನೊಂದು ಹೆಸರಿಟ್ಟ. 1846ರಲ್ಲಿ ದಕ್ಷಿಣ ಆಫ್ರಿಕದ ಹಾವೆಂದು ತಿಳಿದು ಆಂಡ್ರ್ಯೂ ಸ್ಮಿತ್ ‘ಕಾಪೆನ್ಸಿಸ್’ ಎಂದ. 1882ರಲ್ಲಿ ಬೊಟ್‌ಗರ್ ‘ಯೂಪ್ರಾಕ್ಟಸ್’ ಎಂದ. 1962ರಲ್ಲಿ ಎಡ್ವರ್ಡ್ ಟೇಲರ್ ಥಾಯ್ಲೆಂಡಿನಿಂದ ‘ಖೊರಾಟೆನ್ಸಿಸ್’ ಎಂದು ವರ್ಣಿಸಿದ. ಅದೇ ಟೇಲರ್ ಡ್ರೈಡನ್ ಜತೆ ಸೇರಿ 1969ರಲ್ಲಿ ಪೆಸಿಫಿಕ್ ದ್ವೀಪಗಳಿಂದ ‘ಸ್ಯೂಡೋಸಾರಸ್’ ಎಂಬ ಮತ್ತೊಂದನ್ನು ಸೇರಿಸಿದ. ಪಟ್ಟಿ ಇನ್ನೂ ಉದ್ದವಿದೆ. ಇವೆಲ್ಲ ಆ ಡೌಡಿನ್‌ನ ಬ್ರಾಮಿನಸ್ಸೇ ಎಂದು ಒಂದೊಂದಾಗಿ ಹೊಂದಿಸಿ ನೋಡಿ ತೀರ್ಮಾನಿಸಬೇಕಾಯಿತು. ಅಮೆರಿಕದ ವ್ಯಾನ್ ವಾಲಕ್ 2009ರಲ್ಲಿ ಈ ಒಂದೇ ಹಾವಿನ ರೂಪ, ಹೆಸರು, ಹರವುಗಳ ಬಗ್ಗೆ ದೀರ್ಘ ಲೇಖನ ಬರೆದರು. ಅದು ಅಚ್ಚಾದದ್ದು ಮದರಾಸಿನ ಮೊಸಳೆ ಬ್ಯಾಂಕಿನವರು ಹೊರತರುತ್ತಿದ್ದ ‘ಹಮದ್ರಯಾಡ್’ ಪತ್ರಿಕೆಯಲ್ಲಿ.

> ತಾಳೆಯ ಬುಡದಲ್ಲಿ ಹವಾಯಿಗೆ
> ಹವಾಯಿ ದ್ವೀಪಗಳಲ್ಲಿ ಈ ಹಾವು ಕಾಣಿಸಿಕೊಂಡದ್ದು 1930ರಲ್ಲಿ. ಹೊನೊಲುಲುವಿನ ಕಮೇಹಮೇಹ ಶಾಲೆಯ ಆವರಣದಲ್ಲಿ ನೆಡಲು ಫಿಲಿಪ್ಪೀನ್ಸಿನಿಂದ ತರಿಸಿದ ತಾಳೆ ಜಾತಿಯ ಮರಗಳ ಬುಡದ ಮಣ್ಣಿನಲ್ಲಿ ಬಂದಿತ್ತೆಂದು ದಾಖಲೆ. ಇಂದು ಆ ದ್ವೀಪಗಳ ತೋಟಗಳಲ್ಲಿ ಅದು ಸಾಮಾನ್ಯ.

ಒಂದೇ ಒಂದು ಹಾವು ಹೊಸ ದ್ವೀಪಕ್ಕೆ ಹೋಗಿ ಸಂಸಾರ ಬೆಳೆಸುವುದು ಹೇಗೆ? ಈ ಪ್ರಶ್ನೆಗೆ ಸಿಕ್ಕ ಉತ್ತರವೇ ಇದರ ವರ್ಗೀಕರಣವನ್ನು ತಲೆಕೆಳಗು ಮಾಡಿತು.

ಗಂಡಿಲ್ಲದ ಹಾವಿನ ಕುಲ ಯಾವುದು?

ಹೊರನೋಟಕ್ಕೆ ಹುಳುಹಾವುಗಳೆಲ್ಲ ಹೆಚ್ಚುಕಡಿಮೆ ಒಂದೇ. ಹೀಗಾಗಿ ವಿಜ್ಞಾನಿಗಳು ಒಳಗಿನ ಅಂಗಗಳನ್ನು ನೋಡತೊಡಗಿದರು. 1966ರಲ್ಲಿ ನ್ಯೂಜಿಲೆಂಡಿನ ಜೋನ್ ರಾಬ್ ಆಸ್ಟ್ರೇಲಿಯಾ ಕಡೆಯ ಹುಳುಹಾವುಗಳ ಗಂಡುಗಳ ಜನನಾಂಗ ಬೇರೆ ತರಹದ್ದೆಂದು ತೋರಿಸಿ, ಅವನ್ನು ಟಿಫ್ಲಾಪ್ಸ್‌ನಿಂದ ಬೇರ್ಪಡಿಸಿದರು. 1974ರಲ್ಲಿ ಸ್ಯಾಮ್ಯುಯೆಲ್ ಮ್ಯಾಕ್‌ಡೊವೆಲ್ ನಮ್ಮ ಬ್ರಾಮಿನಸ್ಸನ್ನೂ ಆ ಗುಂಪಿಗೆ ಸೇರಿಸಿದರು. ಮುಂದೆ ‘ರ‍್ಯಾಂಫೊಟಿಫ್ಲಾಪ್ಸ್ ಬ್ರಾಮಿನಸ್’ ಎಂಬ ಹೆಸರು ದಶಕಗಳ ಕಾಲ ಪುಸ್ತಕಗಳಲ್ಲಿ ನಿಂತಿತು.

ಆದರೆ ಅದೇ ಹೊತ್ತಿಗೆ ಒಂದು ವಿಚಿತ್ರ ಎದ್ದು ಕಂಡಿತು. ಎಲ್ಲಿಂದ ತಂದ ಹಾವನ್ನು ಸೀಳಿ ನೋಡಿದರೂ ಹೆಣ್ಣು. ಗಂಡಿನ ಅಂಗ ನೋಡಿ ಕುಲ ನಿರ್ಧರಿಸಬೇಕೆಂದರೆ, ಈ ಜಾತಿಯಲ್ಲಿ ಗಂಡೇ ಇಲ್ಲ! ಇನ್ನೂರು ವರ್ಷಗಳ ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಘಟ್ಟ ಇದು. ಮನುಷ್ಯ ಹಾಕಿಕೊಂಡ ಅಳತೆಗೋಲು ಎಷ್ಟೇ ಚೆನ್ನಾಗಿದ್ದರೂ, ಅದರಿಂದ ಅಳೆಯಲಾಗದ ಒಂದು ಜೀವ ಎದುರಿಗೆ ಬಂದು ನಿಂತಿತ್ತು.

1980ರಲ್ಲಿ ರೊನಾಲ್ಡ್ ನಸ್‌ಬಾಮ್ ಸೇಶೆಲ್ಸ್ ದ್ವೀಪಗಳ ಹಾವುಗಳನ್ನು ಪರೀಕ್ಷಿಸಿ, ಇವು ಗಂಡಿನ ನೆರವಿಲ್ಲದೆ ಮರಿ ಮಾಡುತ್ತವೆ ಎಂಬುದಕ್ಕೆ ಇನ್ನಷ್ಟು ಪುರಾವೆ ಒದಗಿಸಿದರು. 1987ರಲ್ಲಿ ವಿನ್, ಕೋಲ್ ಮತ್ತು ಗಾರ್ಡ್‌ನರ್ ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂನ ಪತ್ರಿಕೆಯಲ್ಲಿ ಜೀವಕೋಶದೊಳಗಿನ ಲೆಕ್ಕ ಕೊಟ್ಟರು. ನಮ್ಮಲ್ಲಿ, ಹಸುವಿನಲ್ಲಿ, ನಾಗರಹಾವಿನಲ್ಲಿ ವರ್ಣತಂತುಗಳು ಜೋಡಿ ಜೋಡಿಯಾಗಿರುತ್ತವೆ: ಒಂದು ತಾಯಿಯದು, ಒಂದು ತಂದೆಯದು. ಹುಳುಹಾವಿನಲ್ಲಿ ಅವು ಮೂರು ಮೂರಾಗಿವೆ, ಒಟ್ಟು 42. ಯಾವುದೋ ಕಾಲದಲ್ಲಿ ಬೇರೆ ಬೇರೆ ಹುಳುಹಾವುಗಳು ಕೂಡಿ ಹುಟ್ಟಿದ ಮಿಶ್ರತಳಿ ಇದಾಗಿರಬೇಕು ಎಂಬುದು ಬಹುತೇಕ ತಜ್ಞರ ಊಹೆ. ಗಂಡಿನ ಹಂಗಿಲ್ಲದೆ ಹೆಣ್ಣು ಮೊಟ್ಟೆಯಿಡುತ್ತದೆ, ಒಡೆದು ಬರುವ ಮರಿಗಳೆಲ್ಲ ಹೆಣ್ಣು, ತಾಯಿಯ ತದ್ರೂಪ. ಹಾವುಗಳ ಪೈಕಿ ಇಡೀ ಜಾತಿಯೇ ಹೀಗೆ ಬದುಕುವುದು ಇದೊಂದೇ ಎಂದು ಗೊತ್ತಿರುವುದು.

2014 ಈ ಕಥೆಯ ದೊಡ್ಡ ವರ್ಷ. ಡಿಎನ್‌ಎ ಓದುವುದು ಅಷ್ಟರಲ್ಲಿ ಸುಲಭವಾಗಿತ್ತು. ಬ್ಲೇರ್ ಹೆಜಸ್ ಮತ್ತು ಸಂಗಡಿಗರದು ಒಂದು ತಂಡ, ಅಲೆಕ್ಸ್ ಪೈರನ್ ಮತ್ತು ವ್ಯಾನ್ ವಾಲಕ್ ಅವರದು ಇನ್ನೊಂದು. ಇಬ್ಬರೂ ಅದೇ ವರ್ಷ ಜಗತ್ತಿನ ಹುಳುಹಾವುಗಳ ಕುಲಗಳನ್ನು ಹೊಸದಾಗಿ ಜೋಡಿಸಿದರು. ನಮ್ಮ ಹಾವಿಗೆ ಆಗ ಬಂದ ಹೆಸರು ‘ಇಂಡೊಟಿಫ್ಲಾಪ್ಸ್ ಬ್ರಾಮಿನಸ್’. 2020ರಲ್ಲಿ ವಾಲಕ್ ಮತ್ತೆ ಬಂದು, ಗಂಡಿಲ್ಲದ ಈ ಹಾವಿಗೆ ಪ್ರತ್ಯೇಕ ಕುಲವೇ ಬೇಕೆಂದು ‘ವರ್ಗೊಟಿಫ್ಲಾಪ್ಸ್’ ಎಂಬ ಹೆಸರು ಮುಂದಿಟ್ಟರು.

2023ರಲ್ಲಿ ಬೆಂಗಳೂರಿನ ಸರದಿ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಪ್ರವೀಣ್ ಕಾರಂತ್, ಚಿಂತಾ ಸಿದ್ಧಾರ್ಥನ್ ಮತ್ತು ಸಂಗಡಿಗರು ಡಿಎನ್‌ಎ ಆಧಾರದ ಮೇಲೆ ಇದರ ವರ್ಗೀಕರಣವನ್ನು ಮತ್ತೆ ಪರಿಷ್ಕರಿಸಬೇಕೆಂದು ಸೂಚಿಸಿದರು. ಎಲ್ಲೆಲ್ಲೂ ಕಾಣುವ ಈ ಹಾವು ತನ್ನ ಗುರುತನ್ನೇ ಕಳೆದುಕೊಂಡಿದೆ ಎಂಬ ಅರ್ಥದ ತಲೆಬರಹ ಆ ಲೇಖನಕ್ಕೆ. ಇದೇ ತಂಡ 2021ರಲ್ಲಿ ಭಾರತದ ಹುಳುಹಾವುಗಳ ಮೂಲಕ ಈ ಉಪಖಂಡದ ಪ್ರಾಚೀನ ಚರಿತ್ರೆಯನ್ನು ಓದಲು ಹೊರಟಿತ್ತು. ಹುಳುಹಾವುಗಳ ಬೇರು ಗೊಂಡ್ವಾನ ಭೂಖಂಡದ ಕಾಲಕ್ಕೆ ಹೋಗುತ್ತದೆ. ಪಶ್ಚಿಮ ಘಟ್ಟದ ಕೆಲವು ಹುಳುಹಾವುಗಳನ್ನು 2010ರಲ್ಲಿ ‘ಗೆರ‍್ಹೊಪಿಲಿಡೆ’ ಎಂಬ ಪ್ರತ್ಯೇಕ ಕುಟುಂಬವಾಗಿಯೇ ಬೇರ್ಪಡಿಸಿದ್ದಾರೆ.

ಮಸೂರದ ಕೆಳಗೆ

ಡಿಎನ್‌ಎ ಎಲ್ಲರ ಕೈಗೆಟುಕುವುದಿಲ್ಲ. ಹಳೆಯ ವಿದ್ಯೆ ಇನ್ನೂ ಬೇಕು, ಮತ್ತು ಅದು ಕೈಯ ವಿದ್ಯೆ. ಸ್ಪಿರಿಟ್ಟಿನಲ್ಲಿಟ್ಟ ಹಾವನ್ನು ಸೂಕ್ಷ್ಮದರ್ಶಕದ ಕೆಳಗೆ ಮಲಗಿಸಿ, ಬೆನ್ನ ನಡುವಿನ ಒಂದು ಹುರುಪೆಯಿಂದ ಶುರುಮಾಡಿ, ಸೂಜಿಮೊನೆಯಿಂದ ಒಂದೊಂದನ್ನೇ ತೋರಿಸುತ್ತ ಹೊಟ್ಟೆಯ ಕಡೆಯಿಂದ ಸುತ್ತಿ ಅಲ್ಲಿಗೇ ಬರಬೇಕು. 20 ಸಾಲು ಇದ್ದರೆ ಬ್ರಾಮಿನಸ್ ಇರಬಹುದು. 18 ಇದ್ದರೆ ‘ಪೊರೆಕ್ಟಸ್’ ಎಂಬ ಇನ್ನೊಂದು ಸಪೂರ ಹುಳುಹಾವಿನ ಕಡೆ ಯೋಚಿಸಬೇಕು.

ಇಷ್ಟು ಸಾಲದು. ತಲೆಯನ್ನು ಪಕ್ಕಕ್ಕೆ ತಿರುಗಿಸಬೇಕು. ಮೂಗಿನ ಹೊಳ್ಳೆಯಿಂದ ಕೆಳಗೆ ಒಂದು ಗೀರು ಇಳಿಯುತ್ತದೆ, ಕೂದಲಿಗಿಂತ ಸಣ್ಣದು. ಅದು ಹಿಂದಕ್ಕೆ ಬಾಗಿ ಕಣ್ಣಿನ ಮುಂದಿರುವ ಹುರುಪೆಯನ್ನು ಮುಟ್ಟಿದರೆ ಬ್ರಾಮಿನಸ್. ಮೇಲ್ದುಟಿಯ ಎರಡನೇ ಹುರುಪೆಗೆ ಇಳಿದರೆ ಬೇರೆ ಜಾತಿ. ಎರಡು ಹಾವುಗಳ ಹೆಸರು ಬದಲಾಗುವುದು ಈ ಒಂದು ಗೀರಿನ ಮೇಲೆ. 1943ರಲ್ಲಿ ಮಾಲ್ಕಮ್ ಸ್ಮಿತ್ ಭಾರತದ ಹಾವುಗಳ ಬಗ್ಗೆ ಬರೆದ ಸಂಪುಟವನ್ನು ಪಕ್ಕದಲ್ಲಿಟ್ಟುಕೊಂಡು ಎಷ್ಟೋ ವಿದ್ಯಾರ್ಥಿಗಳು ಇದನ್ನು ಕಲಿತಿದ್ದಾರೆ.

ಕಣ್ಣೂ ನೋಡಬೇಕಾದ್ದೇ. ಅರೆಪಾರದರ್ಶಕ ಹುರುಪೆಯ ಅಡಿಯಲ್ಲಿ ಎರಡು ಕರಿ ಚುಕ್ಕೆ, ಅಷ್ಟೇ. ಅದಕ್ಕೆ ಬೆಳಕು–ಕತ್ತಲೆ ತಿಳಿಯುತ್ತದೆ. ಬೆಳಕು ಬಿದ್ದ ಕೂಡಲೇ ಮಣ್ಣಿಗೆ ಇಳಿಯಲು ಅಷ್ಟು ಸಾಕು. ಹಲ್ಲಿರುವುದು ಮೇಲ್ದವಡೆಯಲ್ಲಿ ಮಾತ್ರ. ಆ ದವಡೆಯ ಮೂಳೆಗಳನ್ನು ಸರಸರ ಆಡಿಸಿ ಇರುವೆ, ಗೆದ್ದಲುಗಳ ಮೊಟ್ಟೆ ಮರಿಗಳನ್ನು ಒಳಗೆಳೆದುಕೊಳ್ಳುತ್ತದೆ.

ತೆಂಗಿನ ಸೀಮೆಗೆ ಇದು ಸಣ್ಣ ಸಂಗತಿಯಲ್ಲ. ತಿಪಟೂರು ಟಾಲ್ ತಳಿಯ ಬೀಜದ ಕಾಯಿ ಊರಿದ ಮಡಿಗಳಿಗೆ, ಎಳೆ ಸಸಿಗಳಿಗೆ ಗೆದ್ದಲಿನ ಕಾಟ ಎಷ್ಟೆಂದು ಬೆಳೆಗಾರರಿಗೆ ಗೊತ್ತು. ಮಟ್ಟೆ, ಸೋಗೆ, ತಿಪ್ಪೆ ಗೊಬ್ಬರ, ಕೆರೆಯಿಂದ ತಂದು ಹರಡಿದ ಗೋಡು, ಹನಿ ನೀರಾವರಿಯ ತೇವ: ಹುಳುಹಾವಿಗೆ ಬೇಕಾದ್ದೆಲ್ಲ ಇಲ್ಲಿದೆ. ಗೆದ್ದಲನ್ನು ಅದು ಪೂರ್ತಿ ತೊಡೆದುಹಾಕುತ್ತದೆ ಎಂದು ನಾನು ಹೇಳಲಾರೆ. ಆದರೆ ಗೆದ್ದಲಿನ ಗೂಡಿನೊಳಕ್ಕೇ ನುಗ್ಗಿ ಉಣ್ಣುವ ಜೀವವನ್ನು ಫಿನಾಯಿಲ್ ಸುರಿದು ಕೊಲ್ಲುವುದರಲ್ಲಿ ಅರ್ಥವಿಲ್ಲ.

> ಕಪ್ಪೆಯ ಹೊಟ್ಟೆ ಹೊಕ್ಕು ಬಂದದ್ದು
> ನಮ್ಮ ಅಂಗಳದಲ್ಲಿ ಕಾಣುವ ಅದೇ ಒರಟು ಮೈಯ ನೆಲಗಪ್ಪೆಯೊಂದು ಪೂರ್ವ ಟಿಮೋರಿನಲ್ಲಿ ಹುಳುಹಾವನ್ನು ನುಂಗಿತ್ತು. ಆ ಹಾವು ಕಪ್ಪೆಯ ಕರುಳನ್ನೆಲ್ಲ ದಾಟಿ ಹಿಂಬದಿಯಿಂದ ಜೀವಂತ ಹೊರಬಂತು! ಮಾರ್ಕ್ ಓಶೇ ಮತ್ತು ಸಂಗಡಿಗರು 2013ರಲ್ಲಿ ಇದನ್ನು ವಿಜ್ಞಾನ ಪತ್ರಿಕೆಯಲ್ಲಿ ದಾಖಲಿಸಿದರು.

ನಮ್ಮ ತೋಟದಲ್ಲಿ ಇರುವುದು ಯಾವುದು?

ತೋಟದಲ್ಲಿ ಕಂಡ ಹುಳುಹಾವುಗಳೆಲ್ಲ ಬ್ರಾಮಿನಸ್ಸೇ ಆಗಬೇಕಿಲ್ಲ. ದಕ್ಷಿಣ ಭಾರತದಲ್ಲಿ ‘ಪ್ಯಾಮಿಸಿಸ್’ ಎಂಬ ಇನ್ನೊಂದಿದೆ. 1864ರಲ್ಲಿ ಗುಂಥರ್ ಹೆಸರಿಟ್ಟದ್ದು. ನೋಡಲು ಹೆಚ್ಚುಕಡಿಮೆ ಹಾಗೆಯೇ. ಮಣ್ಣಿನೊಳಗೆ ಕೊಕ್ಕಿನಂಥ ಮೂತಿಯ ಇನ್ನೂ ದೊಡ್ಡ ಹುಳುಹಾವೂ ಸಿಗಬಹುದು. ‘ಗ್ರೈಪೊಟಿಫ್ಲಾಪ್ಸ್ ಅಕ್ಯೂಟಸ್’ ಎಂಬ ಇದು ಎರಡು ಅಡಿಯವರೆಗೆ ಬೆಳೆಯುತ್ತದೆ. ಭಾರತ ಬಿಟ್ಟರೆ ಬೇರೆಲ್ಲೂ ಇಲ್ಲ. ಇದರ ಹೆಸರಿನದೂ ಅದೇ ಅಲೆದಾಟ. 1844ರಲ್ಲಿ ಒಂದು ಕುಲ, 1881ರಲ್ಲಿ ಪೀಟರ್ಸ್ ಕೊಟ್ಟ ಈಗಿನ ಕುಲ, ನಂತರ ಟಿಫ್ಲಾಪ್ಸ್, 1974ರಲ್ಲಿ ಆಫ್ರಿಕದ ಹುಳುಹಾವುಗಳ ಕುಲ, ಈ ಶತಮಾನದಲ್ಲಿ ಮರಳಿ ಪೀಟರ್ಸ್ ಇಟ್ಟ ಹೆಸರಿಗೇ.

ಬ್ರಾಮಿನಸ್ ಹುಟ್ಟಿದ್ದು ದಕ್ಷಿಣ ಏಷ್ಯಾದಲ್ಲೇ ಎಂದು ಬಹಳ ಮಂದಿ ನಂಬುತ್ತಾರೆ. ಹಾಗಿದ್ದರೆ ಅದರ ಹೆತ್ತವರ ವಂಶದ, ಗಂಡು–ಹೆಣ್ಣು ಎರಡೂ ಇರುವ ಹುಳುಹಾವುಗಳು ಇದೇ ಮಣ್ಣಿನಲ್ಲಿ ಎಲ್ಲೋ ಇರಬೇಕು. ಹುಡುಕುವವರಿಗೆ ಕಾಡಿನಷ್ಟೇ ತೋಟಗಳೂ ಮುಖ್ಯ. ಮಲೆನಾಡಿನ ಹಾವುಗಳ ಬಗ್ಗೆ ಬಂದಷ್ಟು ಬರಹ ಬಯಲುಸೀಮೆಯ ಅಂಚಿನ ಈ ತೆಂಗಿನ ನಾಡಿನ ಬಗ್ಗೆ ಬಂದಿಲ್ಲ. ಚಿಕ್ಕನಾಯಕನಹಳ್ಳಿಯ ಕಲ್ಲುಗುಡ್ಡದ ಬುಡದಲ್ಲಿರುವುದೂ ತುರುವೇಕೆರೆಯ ನಾಲೆ ಬಯಲಿನಲ್ಲಿರುವುದೂ ಒಂದೇ ಹುಳುಹಾವೇ? ಹುರುಪೆ ಎಣಿಸದೆ ಹೇಳಲು ಬಾರದು. ನಮ್ಮ ಕಾಲೇಜುಗಳ ಪ್ರಾಣಿಶಾಸ್ತ್ರ ವಿದ್ಯಾರ್ಥಿಗಳಿಗೆ ಇದಕ್ಕಿಂತ ಹತ್ತಿರದ, ಖರ್ಚಿಲ್ಲದ ಕೆಲಸ ಇನ್ನೊಂದಿಲ್ಲ.

ಕೊಲ್ಲಬೇಕಾಗಿಯೂ ಇಲ್ಲ. ಬಚ್ಚಲಲ್ಲಿ ಸಿಕ್ಕಿದ್ದು ಹುಳುಹಾವೇ ಎಂದು ಖಾತ್ರಿಯಾದರೆ ಅದನ್ನು ಒಂದು ಕಾಗದದ ಮೇಲೆ ಹತ್ತಿಸಿಕೊಂಡು ಬಿಳಿ ತಟ್ಟೆಯಲ್ಲಿ ಬಿಡಬೇಕು. ಪಕ್ಕದಲ್ಲಿ ಒಂದು ಸ್ಕೇಲು ಇಟ್ಟು ಮೈಯದೊಂದು, ಮೂತಿಯನ್ನು ಪಕ್ಕದಿಂದ ಒಂದು, ಬಾಲದ ತುದಿಯದೊಂದು ಫೋಟೊ ತೆಗೆಯಬೇಕು. ಈಗಿನ ಮೊಬೈಲುಗಳಲ್ಲಿ ಹತ್ತಿರದ ವಸ್ತು ಚೆನ್ನಾಗಿಯೇ ಬರುತ್ತದೆ, ಮೂಗಿನ ಆ ಗೀರೂ ಒಮ್ಮೊಮ್ಮೆ ಕಾಣುತ್ತದೆ. ಊರು, ತಾರೀಖು, ಯಾವ ಮಳೆ ಎಂದು ಬರೆದಿಟ್ಟುಕೊಳ್ಳಬೇಕು. ಆಮೇಲೆ ತಡಮಾಡದೆ ನೆರಳಿರುವ ಪಾತಿಯ ಹಸಿ ಮಣ್ಣಿಗೆ ಬಿಡಬೇಕು. ಬಿಸಿಲು ಬಿದ್ದ ಒಣ ನೆಲದ ಮೇಲೆ ಅದು ಹೆಚ್ಚು ಹೊತ್ತು ಬದುಕುವುದಿಲ್ಲ.